ಅಕ್ವೇರಿಯಂ ಜೀವಿಗೆ ಪ್ರಾಯೋಜಕರು ಮತ್ತು ಒಂದು ಹೆಸರು: ದತ್ತು ಯೋಜನೆ ನಡೆಸುವವರಿಗೆ ಕೈಪಿಡಿ

ಪೆಂಗ್ವಿನ್ ಒಂದರ ಪಾಲನೆಗೆ ಯಾರೋ ಒಂದು ವರ್ಷದ ಮಟ್ಟಿಗೆ ಹಣ ಕೊಡುತ್ತಾರೆ, ಅದಕ್ಕೊಂದು ಹೆಸರಿಡುತ್ತಾರೆ, ಪ್ರಮಾಣಪತ್ರ ಪಡೆದು ಹೋಗುತ್ತಾರೆ. ಹೊರಗಿನವರಿಗೆ ಕಾಣುವ ದತ್ತು ಯೋಜನೆ ಇಷ್ಟೇ. ನಡೆಸುವವರಿಗೆ ಮಾತ್ರ ಇದು ಜೀವಂತ ಪ್ರಾಣಿಯ ಹೆಸರಿನಲ್ಲಿ ಕೊಟ್ಟ ಮಾತು. ಆ ಪ್ರಾಣಿ ಅವಧಿ ಮುಗಿಯುವ ಮೊದಲೇ ಸಾಯಬಹುದು, ಬೇರೆ ಅಕ್ವೇರಿಯಂಗೆ ಹೋಗಬಹುದು, ಗಂಡೆಂದು ತಿಳಿದಿದ್ದದ್ದು ಹೆಣ್ಣಾಗಬಹುದು. ಜೀವಿಯ ಸ್ವಭಾವವನ್ನು ನೋಡದೆ ಕೊಟ್ಟ ಮಾತೇ ಮುಂದೆ ತಲೆನೋವಾಗುತ್ತದೆ.

ಕೆಲಸದ ಕ್ರಮ ಹೀಗಿರಲಿ: ಮೊದಲು ಖರ್ಚಿನ ಲೆಕ್ಕ, ನಂತರ ಜೀವಿಗಳ ಆಯ್ಕೆ, ನಂತರ ಹೆಸರಿನ ನಿಯಮ, ಕಟ್ಟಕಡೆಗೆ ಪ್ರಮಾಣಪತ್ರ ಮತ್ತು ಉಡುಗೊರೆ. ಬಹಳ ಕಡೆ ಪ್ರಮಾಣಪತ್ರದ ವಿನ್ಯಾಸವೇ ಮೊದಲು ಸಿದ್ಧವಾಗಿರುತ್ತದೆ.

ಲೆಕ್ಕವನ್ನು ಕಿಲೋದಲ್ಲಿ ಶುರು ಮಾಡಿ

ಹಣದ ಮೊತ್ತ ಬರೆಯುವ ಮೊದಲು ಕಿಲೋ, ಲೀಟರ್, ಗಂಟೆ ಮತ್ತು ವಿದ್ಯುತ್ ಯೂನಿಟ್‌ಗಳನ್ನು ಬರೆದುಕೊಳ್ಳಿ. ದರ ವರ್ಷವರ್ಷಕ್ಕೂ ಏರುತ್ತದೆ, ಪ್ರಮಾಣ ಅಷ್ಟಾಗಿ ಬದಲಾಗುವುದಿಲ್ಲ. ಮುಂದಿನ ವರ್ಷ ಹೊಸ ದರ ತುಂಬಿದರೆ ಲೆಕ್ಕ ಮುಗಿಯಿತು.

ಸುಮಾರು 3 ಕೆಜಿ ತೂಗುವ ಆಫ್ರಿಕನ್ ಪೆಂಗ್ವಿನ್ ದಿನಕ್ಕೆ 400 ಗ್ರಾಂ ಮೀನು ತಿನ್ನುತ್ತದೆ ಎಂದಿಟ್ಟುಕೊಳ್ಳಿ. ವರ್ಷಕ್ಕೆ 146 ಕೆಜಿ. ಹೆಪ್ಪುಗಟ್ಟಿದ ಮೀನು ಕರಗುವಾಗ ನೀರು ಇಳಿದು ತೂಕ ಕಡಿಮೆಯಾಗುತ್ತದೆ. ಹೊಟ್ಟೆ ಒಡೆದ ಮೀನನ್ನು ಪಾಲಕರು ಬದಿಗಿಡುತ್ತಾರೆ. ಇದಕ್ಕೆಲ್ಲ 15% ಸೇರಿಸಿದರೆ ಖರೀದಿಸಬೇಕಾದದ್ದು ಸುಮಾರು 168 ಕೆಜಿ. ಒಂದು ತಿಂಗಳ ಆಹಾರವನ್ನು ಹನ್ನೆರಡರಿಂದ ಗುಣಿಸಿ ವರ್ಷದ ಲೆಕ್ಕ ತೆಗೆಯಬೇಡಿ. ಪೆಂಗ್ವಿನ್ ವರ್ಷಕ್ಕೊಮ್ಮೆ ಮೈಮೇಲಿನ ಗರಿಗಳನ್ನೆಲ್ಲ ಒಟ್ಟಿಗೆ ಕಳಚುತ್ತದೆ. ಅದಕ್ಕೆ ಮುಂಚೆ ಅದು ಮಿತಿಮೀರಿ ತಿನ್ನುತ್ತದೆ, ಗರಿ ಉದುರುವ ಮೂರು ವಾರ ಬಹುತೇಕ ಏನೂ ತಿನ್ನುವುದಿಲ್ಲ. ನೀವು ಆರಿಸಿದ ತಿಂಗಳು ಆ ಎರಡರಲ್ಲಿ ಒಂದಾಗಿದ್ದರೆ ಇಡೀ ಲೆಕ್ಕ ತಪ್ಪುತ್ತದೆ. ಇಡೀ ವರ್ಷದ ಆಹಾರ ಪುಸ್ತಕವನ್ನೇ ತೆಗೆದು ನೋಡಿ.

ಹೆಪ್ಪುಗಟ್ಟಿಸಿಟ್ಟ ಮೀನಿನಲ್ಲಿ ಥಯಮಿನ್, ಅಂದರೆ ಬಿ1 ಜೀವಸತ್ವ, ನಾಶವಾಗುತ್ತದೆ. ಕೆಲವು ಜಾತಿಯ ಮೀನಿನಲ್ಲಿ ಅದನ್ನು ಒಡೆಯುವ ಕಿಣ್ವವೇ ಇರುತ್ತದೆ. ಹಾಗಾಗಿ ಮೀನು ತಿನ್ನುವ ಪ್ರಾಣಿಗಳಿಗೆ ಪ್ರತಿ ಕಿಲೋ ಮೀನಿಗೆ 25ರಿಂದ 30 ಮಿಲಿಗ್ರಾಂ ಥಯಮಿನ್ ಮತ್ತು 100 ಐಯು (ಅಂತರರಾಷ್ಟ್ರೀಯ ಘಟಕ) ವಿಟಮಿನ್ ಇ ಕೊಡುವುದು ರೂಢಿ. ಮೊತ್ತ ಚಿಕ್ಕದಾದರೂ ಈ ಮಾತ್ರೆಗಳನ್ನು ಲೆಕ್ಕಕ್ಕೆ ಸೇರಿಸಿ. ಪ್ರಾಯೋಜಕರಿಗೆ ಕಳಿಸುವ ಪತ್ರದಲ್ಲೂ ಈ ವಿವರ ಚೆನ್ನಾಗಿ ಕೂರುತ್ತದೆ.

ಸಮುದ್ರದ ನೀರುನಾಯಿಯ ಲೆಕ್ಕವೇ ಬೇರೆ. ಅದಕ್ಕೆ ತಿಮಿಂಗಿಲ, ಸೀಲ್‌ಗಳಿಗಿರುವಂಥ ದಪ್ಪ ಕೊಬ್ಬಿನ ಪದರವಿಲ್ಲ. ಮೈಬಿಸಿ ಕಾಯ್ದುಕೊಳ್ಳಲು ದಿನಕ್ಕೆ ತನ್ನ ತೂಕದ ಸುಮಾರು ಕಾಲುಭಾಗ ತಿನ್ನಬೇಕು. 25 ಕೆಜಿಯ ಪ್ರಾಣಿಗೆ ದಿನಕ್ಕೆ 6 ಕೆಜಿ, ವರ್ಷಕ್ಕೆ 2,200 ಕೆಜಿಯ ಸುತ್ತಮುತ್ತ. ಅದೂ ಚಿಪ್ಪುಜೀವಿ, ಸೀಗಡಿ, ಸ್ಕ್ವಿಡ್‌ನಂಥ ದುಬಾರಿ ಆಹಾರ. ಪೆಂಗ್ವಿನ್ ಮತ್ತು ನೀರುನಾಯಿಗೆ ಒಂದೇ ದತ್ತು ದರವಿಟ್ಟರೆ ಪರವಾಗಿಲ್ಲ, ಆದರೆ "ಒಂದು ತಿಂಗಳ ಊಟ ನಿಮ್ಮದು" ಎಂದು ಎರಡಕ್ಕೂ ಬರೆದರೆ ಒಂದು ಕಡೆ ಅದು ಸುಳ್ಳಾಗುತ್ತದೆ.

ಇನ್ನು ನೀರು. ಸಮುದ್ರದಿಂದ ದೂರವಿರುವ ಅಕ್ವೇರಿಯಂಗಳು ಉಪ್ಪುಮಿಶ್ರಣ ಕರಗಿಸಿ ನೀರು ತಯಾರಿಸುತ್ತವೆ. ಸಾವಿರದಲ್ಲಿ 35 ಭಾಗದ ಲವಣಾಂಶಕ್ಕೆ ಲೀಟರಿಗೆ ಸುಮಾರು 36 ಗ್ರಾಂ ಮಿಶ್ರಣ ಬೇಕು. 10,000 ಲೀಟರ್ ತೊಟ್ಟಿಯಲ್ಲಿ ವಾರಕ್ಕೆ 10% ನೀರು ಬದಲಿಸಿದರೆ ವಾರಕ್ಕೆ 36 ಕೆಜಿ, ವರ್ಷಕ್ಕೆ 1,870 ಕೆಜಿಗೂ ಹೆಚ್ಚು ಉಪ್ಪು. ಒಂದೂವರೆ ಕಿಲೋವ್ಯಾಟ್ ಪಂಪ್ ಹಗಲಿರುಳು ಓಡಿದರೆ ವರ್ಷಕ್ಕೆ 13,140 ಯೂನಿಟ್. ತಣ್ಣೀರಿನ ಜೀವಿಗಳ ತೊಟ್ಟಿಯಾದರೆ ನೀರು ತಂಪಾಗಿಸುವ ಯಂತ್ರ ಚಿಲ್ಲರ್‌ನ ಖರ್ಚು ಇದರ ಮೇಲೆ.

ಈ ಖರ್ಚನ್ನು ತೊಟ್ಟಿಯಲ್ಲಿರುವ ಜೀವಿಗಳಿಗೆ ಹಂಚುವಾಗ ತಲೆ ಎಣಿಸಬೇಡಿ. ಇನ್ನೂರು ಪುಟ್ಟ ಡ್ಯಾಮ್ಸೆಲ್ ಮೀನು ಮತ್ತು ಎರಡು ದೊಡ್ಡ ತೊರಕೆ (ಚಪ್ಪಟೆ ಮೈಯ ರೇ) ಮೀನುಗಳಿರುವ ತೊಟ್ಟಿಯಲ್ಲಿ ತಲೆಲೆಕ್ಕ ಹಾಕಿದರೆ ತೊರಕೆಯ ಪಾಲಿಗೆ ಏನೂ ಬೀಳುವುದಿಲ್ಲ. ತಿನ್ನುವ ಆಹಾರದ ತೂಕದ ಪ್ರಕಾರ ಹಂಚಿ. ನೀರನ್ನು ಕೊಳೆ ಮಾಡುವುದೂ, ಅಮೋನಿಯಾ ಏರಿಸುವುದೂ, ಶೋಧಕಕ್ಕೆ ಹೊರೆ ಹಾಕುವುದೂ ಆ ಆಹಾರವೇ.

ಪಾಲಕರ ಸಮಯಕ್ಕೆ ಅಂದಾಜು ಬೇಡ. ಎರಡು ವಾರ ಪ್ರತಿ ತೊಟ್ಟಿಗೂ ಹಿಡಿದ ನಿಮಿಷಗಳನ್ನು ಬರೆದಿಡಲು ಹೇಳಿ. ಆಹಾರ ಕತ್ತರಿಸುವುದು, ಗಾಜು ಒರೆಸುವುದು, ನೀರಿನ ಪರೀಕ್ಷೆ ಎಲ್ಲ ಸೇರಲಿ. ಪಶುವೈದ್ಯರ ಖರ್ಚಿಗೆ ಮೂರು ವರ್ಷದ ಸರಾಸರಿ ಹಿಡಿಯಿರಿ, ಏಕೆಂದರೆ ಆಮೆಯೊಂದರ ಶಸ್ತ್ರಚಿಕಿತ್ಸೆ ನಡೆದ ವರ್ಷವನ್ನು ಮಾತ್ರ ನೋಡಿದರೆ ಚಿತ್ರ ವಿಕಾರವಾಗುತ್ತದೆ. ಎಲ್ಲ ಕೂಡಿಸಿದಾಗ ಬಹಳಷ್ಟು ಜೀವಿಗಳ ವಿಷಯದಲ್ಲಿ ಆಹಾರಕ್ಕಿಂತ ಸಂಬಳ ಮತ್ತು ವಿದ್ಯುತ್ತೇ ದೊಡ್ಡದಾಗಿ ನಿಲ್ಲುತ್ತವೆ. ಪ್ರಾಯೋಜಕರಿಗೆ ಇದನ್ನು ಮುಚ್ಚಿಡುವ ಅಗತ್ಯವಿಲ್ಲ.

ಯಾವ ಜೀವಿಯನ್ನು ಪಟ್ಟಿಗೆ ಸೇರಿಸಬೇಕು

ಪ್ರತಿ ಜೀವಿಗೂ ನಾಲ್ಕು ಪ್ರಶ್ನೆ ಕೇಳಿ. ಬಂದವರಿಗೆ ಇದು ಕಾಣಸಿಗುತ್ತದೆಯೇ? ಗುಂಪಿನಲ್ಲಿ ಇದೇ ಅದು ಎಂದು ಗುರುತಿಸಬಹುದೇ? ಇದರ ಆಯಸ್ಸು ದತ್ತು ಅವಧಿಗಿಂತ ಉದ್ದವೇ? ಇದು ಇಲ್ಲೇ ಇರುತ್ತದೆಯೇ? ನಾಲ್ಕಕ್ಕೂ ಹೌದೆಂದರೆ ಅದು ಹೆಸರಿಡಲು ಯೋಗ್ಯ. ಒಂದಕ್ಕೆ ಇಲ್ಲವೆಂದಾದರೂ ದತ್ತು ಕೊಡಬಹುದು, ಹೆಸರು ಮಾತ್ರ ಕೊಡಬಾರದು.

ಪೆಂಗ್ವಿನ್ ನಾಲ್ಕನ್ನೂ ಬಹುಮಟ್ಟಿಗೆ ದಾಟುತ್ತದೆ. ರೆಕ್ಕೆಗೆ ಬಣ್ಣದ ಪಟ್ಟಿ ಕಟ್ಟಿರುತ್ತಾರೆ, ಆಫ್ರಿಕನ್ ಪೆಂಗ್ವಿನ್‌ನ ಎದೆಯ ಕಪ್ಪು ಚುಕ್ಕೆಗಳು ಒಂದಕ್ಕಿದ್ದಂತೆ ಇನ್ನೊಂದಕ್ಕಿರುವುದಿಲ್ಲ, ಪಾಲನೆಯಲ್ಲಿ ಇಪ್ಪತ್ತು ವರ್ಷ ದಾಟುವುದುಂಟು. ಜೀಬ್ರಾ ಶಾರ್ಕ್‌ನ ಚುಕ್ಕೆಗಳಿಂದಲೂ, ಕಡಲಾಮೆಯ ಮುಖದ ಹುರುಪೆಗಳ ಜೋಡಣೆಯಿಂದಲೂ ಒಂದೊಂದನ್ನೇ ಗುರುತಿಸಬಹುದು. ಗುರುತಿನ ಫೋಟೊವನ್ನು ಎರಡೂ ಬದಿಯಿಂದ ತೆಗೆದು ತೊಟ್ಟಿಯ ಪಕ್ಕ ಹಾಕಿ. ಪ್ರಾಯೋಜಕರು ಬಂದಾಗ "ನಮ್ಮದು ಯಾವುದು?" ಎಂದು ಕೇಳಿದರೆ ಬಾಗಿಲಲ್ಲಿರುವ ಸಿಬ್ಬಂದಿಗೂ ಉತ್ತರ ಗೊತ್ತಿರಬೇಕು.

ಆಕ್ಟೋಪಸ್‌ನ ತೊಂದರೆ ಆಯಸ್ಸಿನದು. ಜನರಿಗೆ ಅದರ ಮೇಲೆ ವಿಪರೀತ ಪ್ರೀತಿ. ಆದರೆ ಸಾಮಾನ್ಯ ಆಕ್ಟೋಪಸ್ ಬದುಕುವುದು ಒಂದೆರಡು ವರ್ಷ, ದೈತ್ಯ ಪೆಸಿಫಿಕ್ ಆಕ್ಟೋಪಸ್ ಮೂರರಿಂದ ಐದು ವರ್ಷ. ಅಕ್ವೇರಿಯಂಗೆ ಬರುವಾಗಲೇ ಆ ಆಯಸ್ಸಿನ ಒಂದು ಭಾಗ ಕಳೆದಿರುತ್ತದೆ. ಹೆಣ್ಣು ಮೊಟ್ಟೆಯಿಟ್ಟರೆ ಊಟ ಬಿಟ್ಟು ಕಾವಲು ಕೂತು ಸಾಯುತ್ತದೆ. ಜರ್ಮನಿಯ ಓಬರ್‌ಹೌಸನ್ ಅಕ್ವೇರಿಯಂನಲ್ಲಿದ್ದ ಪಾಲ್ ಎಂಬ ಆಕ್ಟೋಪಸ್ 2010ರ ವಿಶ್ವಕಪ್ ಫುಟ್‌ಬಾಲ್ ವೇಳೆ ಪಂದ್ಯ ಗೆಲ್ಲುವವರನ್ನು "ಊಹಿಸಿ" ಜಗತ್ಪ್ರಸಿದ್ಧವಾಯಿತು. ಅದೇ ವರ್ಷ ಅಕ್ಟೋಬರಿನಲ್ಲಿ ಸತ್ತಿತು. ಆಕ್ಟೋಪಸ್‌ಗೆ ವರ್ಷದ ದತ್ತು ಬೇಡ, ಆರು ತಿಂಗಳಿನದು ಸಾಕು. ಇನ್ನೂ ಒಳ್ಳೆಯದೆಂದರೆ ಅದು ಇರುವ ಗುಹೆಯನ್ನು ದತ್ತು ಕೊಡುವುದು: ಅದರಲ್ಲಿ ಯಾವ ಆಕ್ಟೋಪಸ್ ಇದ್ದರೂ ಹಣ ಅದರ ಪಾಲನೆಗೆ.

ಇದರ ಎದುರು ತುದಿಯಲ್ಲಿ ಆಸ್ಟ್ರೇಲಿಯಾದ ಶ್ವಾಸಕೋಶ ಮೀನಿದೆ. ಶಿಕಾಗೊದ ಶೆಡ್ ಅಕ್ವೇರಿಯಂಗೆ 1933ರಲ್ಲಿ ಬಂದ, ಗ್ರ್ಯಾಂಡ್‌ಡ್ಯಾಡ್ ಎಂದು ಹೆಸರಾದ ಮೀನು 2017ರವರೆಗೆ ಬದುಕಿತ್ತು. ಸ್ಯಾನ್ ಫ್ರಾನ್ಸಿಸ್ಕೊದ ಸ್ಟೈನ್‌ಹಾರ್ಟ್ ಅಕ್ವೇರಿಯಂನ ಮೆಥೂಸಲಾ ಅಲ್ಲಿಗೆ ಬಂದದ್ದು 1938ರಲ್ಲಿ. ಇಂಥ ಜೀವಿಗೆ "ಆಜೀವ ಹೆಸರು" ಮಾರಿದರೆ ಹೆಸರಿಟ್ಟವರು, ಮಾರಿದವರು ಇಬ್ಬರೂ ಹೋದ ಮೇಲೂ ಅದು ಉಳಿದಿರುತ್ತದೆ. ಆ ಒಂದೇ ಮೊತ್ತ ನಾಲ್ಕೈದು ದಶಕದ ಖರ್ಚಿಗೆ ಎಲ್ಲಿಗೆ ಸಾಲುತ್ತದೆ? ಆಜೀವ ಎಂಬ ಪದವನ್ನೇ ಕೈಬಿಟ್ಟು, ಹತ್ತು ವರ್ಷ ಎಂದು ಬರೆಯಿರಿ.

ಚಂದಿರ ಲೋಳೆಮೀನಿಗೆ ಹೆಸರಿಡುವುದು ನಗೆಪಾಟಲು. ನೂರರಲ್ಲಿ ಒಂದನ್ನು ಯಾರೂ ಗುರುತಿಸಲಾರರು, ಒಂದೊಂದರ ಬದುಕೂ ಸುಮಾರು ಒಂದು ವರ್ಷದ್ದು. ಆ ತೊಟ್ಟಿಯ ಖರ್ಚು ಮಾತ್ರ ನಿಜವಾದದ್ದು: ಪ್ರತಿದಿನ ಆರ್ಟೀಮಿಯಾ ಎಂಬ ಪುಟ್ಟ ಉಪ್ಪುನೀರಿನ ಸೀಗಡಿಯ ಮೊಟ್ಟೆ ಒಡೆಸಿ, ಸುಮಾರು 24 ಗಂಟೆಯಲ್ಲಿ ಹೊರಬರುವ ಮರಿಗಳನ್ನು ತಿನ್ನಿಸಬೇಕು. ಆದ್ದರಿಂದ ತೊಟ್ಟಿಯನ್ನು ದತ್ತು ಕೊಡಿ. ಮೀನಿನ ಹಿಂಡಿಗೂ, ಹವಳಕ್ಕೂ ಇದೇ ದಾರಿ. ಕಡಲಕುದುರೆಗೆ ಜಠರವೇ ಇಲ್ಲ, ತಿಂದದ್ದು ಬೇಗ ಸಾಗಿಹೋಗುತ್ತದೆ. ದಿನಕ್ಕೆ ಎರಡು ಮೂರು ಸಲವಾದರೂ ಮೈಸಿಸ್ ಸೀಗಡಿ ಕೊಡಬೇಕು. ಚಿಕ್ಕ ಜೀವಿಗೆ ಇಷ್ಟು ಖರ್ಚೇಕೆ ಎಂದು ಕೇಳುವವರಿಗೆ ಒಳ್ಳೆಯ ಉತ್ತರ ಇದು.

ರಕ್ಷಿಸಿ ತಂದ ಕಡಲಾಮೆ ಗುಣವಾದರೆ ಸಮುದ್ರಕ್ಕೆ ಹೋಗುತ್ತದೆ, ಹೋಗಲೇಬೇಕು. ಇದರ ದತ್ತನ್ನು ದಿನಾಂಕಕ್ಕೆ ಕಟ್ಟಬೇಡಿ, "ಚಿಕಿತ್ಸೆಯ ಅವಧಿಗೆ" ಎಂದು ಬರೆಯಿರಿ. ಅದಕ್ಕೂ ಮೊದಲು ಆ ಪ್ರಾಣಿಯ ಹೆಸರಿನಲ್ಲಿ ದತ್ತು ಹಣ ಪಡೆಯಲು ವನ್ಯಜೀವಿ ಪರವಾನಗಿಯ ಷರತ್ತು ಬಿಡುತ್ತದೆಯೇ ನೋಡಿ. ಬೆನ್ನಿಗೆ ಉಪಗ್ರಹ ಟ್ಯಾಗ್ ಅಂಟಿಸಿ ಬಿಟ್ಟರೆ ಪ್ರಾಯೋಜಕರು ಅದರ ದಾರಿಯನ್ನು ನಕ್ಷೆಯಲ್ಲಿ ನೋಡಬಹುದು. ಟ್ಯಾಗ್ ಎಂದಾದರೊಂದು ದಿನ ಕಳಚುತ್ತದೆ ಅಥವಾ ಬ್ಯಾಟರಿ ಮುಗಿಯುತ್ತದೆ. ಸಂಕೇತ ನಿಂತರೆ ಆಮೆ ಸತ್ತಿತೆಂದಲ್ಲ ಎಂಬುದನ್ನು ಮೊದಲ ಪತ್ರದಲ್ಲೇ ಹೇಳಿಬಿಡಿ. ಆಮೇಲೆ ಹೇಳಿದರೆ ಸಮಜಾಯಿಷಿಯಂತೆ ಕೇಳಿಸುತ್ತದೆ.

ಮೊದಲ ವರ್ಷಕ್ಕೆ ಆರರಿಂದ ಎಂಟು ಜೀವಿ ಸಾಕು. ಅರವತ್ತು ಜಾತಿಗಳ ಪಟ್ಟಿ ನೋಡಲು ಭರ್ಜರಿ, ಆದರೆ ಪ್ರತಿ ಜೀವಿಗೂ ಫೋಟೊ, ಸುದ್ದಿ, ಫಲಕ ಬೇಕು. ಅದನ್ನೆಲ್ಲ ಒದಗಿಸಬೇಕಾದವರು ಈಗಾಗಲೇ ಪುರುಸೊತ್ತಿಲ್ಲದ ಪಾಲಕರು.

ಹೆಸರಿನ ನಿಯಮ

ಒಂದು ಜೀವಿಗೆ ಎಷ್ಟು ಪ್ರಾಯೋಜಕರಾದರೂ ಇರಬಹುದು, ಹೆಸರಿಡುವ ಹಕ್ಕು ಒಬ್ಬರಿಗೆ. ಅದಕ್ಕೇ ಅದು ಅತ್ಯಂತ ಹೆಚ್ಚಿನ ಮೊತ್ತದ ಹಂತ. ಈಗಾಗಲೇ ಹೆಸರಿರುವ, ಆ ಹೆಸರಿಗೆ ತರಬೇತಿ ಪಡೆದ ಪ್ರಾಣಿಯನ್ನು ಮತ್ತೆ ಹೆಸರಿಡಲು ಕೊಡಬೇಡಿ. ಹೊಸದಾಗಿ ಬಂದವುಗಳೂ ಇಲ್ಲೇ ಹುಟ್ಟಿದವುಗಳೂ ಸಾಕು.

ಬಂದ ದಿನವೇ ಪ್ರಕಟಣೆ ಹೊರಡಿಸುವ ಆತುರ ಬೇಡ. ಹೊಸ ಮೀನು ಕನಿಷ್ಠ 30 ದಿನ ಕ್ವಾರಂಟೈನ್‌ನಲ್ಲಿ ಇರಬೇಕು, ಪರಾವಲಂಬಿಗಳು ಕಂಡರೆ ಇನ್ನೂ ಹೆಚ್ಚು. ಸಾವು ಹೆಚ್ಚು ಸಂಭವಿಸುವ ಕಾಲವೂ ಅದೇ. ಪೆಂಗ್ವಿನ್ ಮರಿಗೆ ನೀರು ತಡೆಯುವ ಗರಿ ಬಂದು, ಡಿಎನ್‌ಎ ಪರೀಕ್ಷೆಯಲ್ಲಿ ಗಂಡೋ ಹೆಣ್ಣೋ ತಿಳಿದ ಮೇಲೆ ಹೆಸರು. ಪೆಂಗ್ವಿನ್‌ಗಳಲ್ಲಿ ನೋಡಿ ಲಿಂಗ ಹೇಳುವುದು ನಂಬುವಂಥದ್ದಲ್ಲ. ಎಳೆಯ ಕಡಲಾಮೆಯಲ್ಲಂತೂ ಹೊರಗಿನಿಂದ ತಿಳಿಯುವುದೇ ಇಲ್ಲ. ಶಾರ್ಕ್ ಮತ್ತು ತೊರಕೆಗಳಲ್ಲಿ ಸುಲಭ: ಗಂಡಿಗೆ ಕೆಳರೆಕ್ಕೆಯ ಬಳಿ ಎರಡು ಕೊಳವೆಯಂಥ ಅಂಗಗಳಿರುತ್ತವೆ. ಕ್ಲೌನ್‌ಫಿಶ್ ಎಲ್ಲ ಲೆಕ್ಕಾಚಾರವನ್ನೂ ಮೀರಿದ್ದು. ಗುಂಪಿನ ಹೆಣ್ಣು ಸತ್ತರೆ ದೊಡ್ಡ ಗಂಡೇ ಹೆಣ್ಣಾಗುತ್ತದೆ. ಅದಕ್ಕೆ ಎರಡಕ್ಕೂ ಹೊಂದುವ ಹೆಸರೇ ಸರಿ.

ನಿಯಮಪಟ್ಟಿಯಲ್ಲಿ ಇಷ್ಟಿರಲಿ. ಹೆಸರು ಎರಡು ಮೂರು ಅಕ್ಷರದ್ದಾಗಿರಲಿ, ಪಾಲಕರು ದಿನಕ್ಕೆ ಹತ್ತು ಸಲ ಕೂಗಬೇಕಾದದ್ದು. ಅದೇ ಗುಂಪಿನ ಇನ್ನೊಂದರ ಹೆಸರಿಗೆ ಪ್ರಾಸ ಹೊಂದಬಾರದು: ಮಿಲಿ ಮತ್ತು ಲಿಲಿ ಒಂದೇ ಕೊಳದಲ್ಲಿದ್ದರೆ ಆಹಾರದ ಪಟ್ಟಿಯಲ್ಲಿ ಒಂದಕ್ಕೆ ಎರಡು ಸಲ ಊಟ, ಇನ್ನೊಂದಕ್ಕೆ ಔಷಧ ತಪ್ಪುವುದು ಖಂಡಿತ. ತರಬೇತಿಯ ಆದೇಶದ ಪದಗಳನ್ನು ಹೋಲಬಾರದು. ಕಂಪನಿಯ ಹೆಸರು, ರಾಜಕಾರಣಿಯ ಹೆಸರು, ಯಾವುದೇ ಸಮುದಾಯವನ್ನು ಹಂಗಿಸುವ ಹೆಸರು ಬೇಡ. ದೇವರ ಹೆಸರೂ ಬೇಡ, ಏಕೆಂದರೆ ಆ ಮೀನು ಸತ್ತ ದಿನ ಫಲಕ ಬರೆಯುವವರ ಪಾಡು ಯಾರಿಗೂ ಬೇಡ. ಬದುಕಿರುವ ವ್ಯಕ್ತಿಯ ಹೆಸರಾದರೆ ಅವರ ಒಪ್ಪಿಗೆ ಬೇಕು, ಫಲಕದಲ್ಲಿ ಪೂರ್ಣ ಹೆಸರು ಹಾಕಬಾರದು.

ಪ್ರಾಯೋಜಕರಿಂದ ಒಂದರ ಬದಲು ಮೂರು ಹೆಸರು ಕೇಳಿ, ಕ್ರಮಾಂಕ ಹಾಕಿಸಿ, ಪಾಲಕರು ಒಪ್ಪಿದ ಮೊದಲನೆಯದನ್ನು ಇಡಿ. ತಿರಸ್ಕರಿಸಿದೆವು ಎಂಬ ಪತ್ರ ಬರೆಯುವ ಪ್ರಸಂಗವೇ ಆಗ ಅಪರೂಪ. ಸಾರ್ವಜನಿಕ ಮತದಾನ ಇಟ್ಟರೆ ಮೂರರಿಂದ ಐದು ಹೆಸರುಗಳ ಪಟ್ಟಿಯನ್ನು ನೀವೇ ಕೊಡಿ, ಪ್ರತಿ ಮತಕ್ಕೂ ಒಂದು ಸಣ್ಣ ಮೊತ್ತ ಇಡಿ. ಬಾಗಿಲು ಪೂರಾ ತೆರೆದರೆ ಏನಾಗುತ್ತದೆಂದು 2016ರಲ್ಲಿ ಬ್ರಿಟನ್ನಿನ ಧ್ರುವ ಸಂಶೋಧನಾ ಹಡಗಿನ ವಿಷಯದಲ್ಲಿ ಜಗತ್ತೇ ನೋಡಿತು: ಜನ ಬೋಟಿ ಮ್ಯಾಕ್‌ಬೋಟ್‌ಫೇಸ್ ಎಂಬ ತಮಾಷೆಯ ಹೆಸರನ್ನು ಗೆಲ್ಲಿಸಿದರು, ಹಡಗಿಗೆ ಬೇರೆ ಹೆಸರಿಟ್ಟು ಆ ಹೆಸರನ್ನು ಅದರ ಪುಟ್ಟ ಜಲಾಂತರ್ಗಾಮಿ ವಾಹನಕ್ಕೆ ಕೊಟ್ಟು ಸಮಾಧಾನಪಡಿಸಬೇಕಾಯಿತು. ಅಂತಿಮ ತೀರ್ಮಾನ ಅಕ್ವೇರಿಯಂನದು ಎಂಬ ಸಾಲು ಹಣ ಪಡೆಯುವ ಪುಟದಲ್ಲೇ ಇರಲಿ.

ಬೇರೆ ಮೀನಿನ ಬಾಯಿಗೆ ಹೋಗಬಹುದಾದ ಮೀನಿಗೆ ಹೆಸರಿಡಬಾರದೆಂದು ಬೇರೆ ಹೇಳಬೇಕಿಲ್ಲ. ಬೇಕೆಂದೇ ಅದನ್ನು ತಿರುವಿ ಹಾಕಿದವರೂ ಇದ್ದಾರೆ: ಅಮೆರಿಕದ ಎಲ್ ಪಾಸೊ ಮೃಗಾಲಯ 2019ರ ಪ್ರೇಮಿಗಳ ದಿನ, ಜನ ಕಳಿಸಿದ ಹಳೆಯ ಪ್ರೇಮಿಗಳ ಹೆಸರನ್ನು ಜಿರಲೆಗಳಿಗಿಟ್ಟು ಮುಂಗುಸಿ ಜಾತಿಯ ಮೀರ್‌ಕ್ಯಾಟ್‌ಗಳಿಗೆ ತಿನ್ನಿಸಿತು.

ಇಟ್ಟ ಹೆಸರು ಕರೆಯುವುದಕ್ಕೆ ಮಾತ್ರ. ವೈದ್ಯಕೀಯ ದಾಖಲೆ, ಔಷಧದ ಚೀಟಿ, ವರ್ಗಾವಣೆ ಪತ್ರ ಎಲ್ಲದರಲ್ಲೂ ಗುರುತಿನ ಸಂಖ್ಯೆ ಅಥವಾ ಮೈಕ್ರೋಚಿಪ್ ಸಂಖ್ಯೆಯೇ ಮುಖ್ಯ.

ರಸೀದಿಯ ಮೇಲಿನ ಸಾಲು

"ನಿಮ್ಮ ಹಣದಿಂದ ಈ ಪೆಂಗ್ವಿನ್‌ಗೆ ಊಟ" ಎಂದು ಬರೆದರೆ ಆ ಹಣವನ್ನು ಆ ಪೆಂಗ್ವಿನ್‌ಗೇ ಖರ್ಚು ಮಾಡಬೇಕಾಗುತ್ತದೆ. ಜನಪ್ರಿಯ ಪೆಂಗ್ವಿನ್‌ಗೆ ಖರ್ಚಿನ ಹತ್ತುಪಟ್ಟು ಹಣ ಬಂದು ಸಿಕ್ಕಿಬೀಳುತ್ತದೆ. ಯಾರೂ ತಿರುಗಿ ನೋಡದ, ಹಾವಿನಂಥ ಮೊರೆ ಈಲ್ ಮೀನಿನ ತೊಟ್ಟಿಯ ಪಂಪ್ ಕೆಟ್ಟರೆ ಆ ಹಣ ಮುಟ್ಟುವಂತಿಲ್ಲ. ಹೀಗೆ ಬರೆಯಿರಿ: "ಇದು ಸಾಂಕೇತಿಕ ದತ್ತು. ನಿಮ್ಮ ಕೊಡುಗೆ ಈ ಜೀವಿಯೂ ಸೇರಿದಂತೆ ಅಕ್ವೇರಿಯಂನ ಎಲ್ಲ ಜೀವಿಗಳ ಆಹಾರ, ನೀರು, ಚಿಕಿತ್ಸೆಗೆ ಬಳಕೆಯಾಗುತ್ತದೆ. ಜೀವಿಯ ಒಡೆತನವಾಗಲಿ ಅದರ ಬಗ್ಗೆ ತೀರ್ಮಾನಿಸುವ ಹಕ್ಕಾಗಲಿ ಪ್ರಾಯೋಜಕರಿಗೆ ಬರುವುದಿಲ್ಲ." ಈ ಸಾಲು ಹಿಂಬದಿಯ ಸಣ್ಣಕ್ಷರದಲ್ಲಲ್ಲ, ಹಣ ಕಟ್ಟುವ ಗುಂಡಿಯ ಮೇಲೆಯೇ ಇರಬೇಕು. ಉಡುಗೊರೆ ಕೊಟ್ಟಾಗ ಕೊಡುಗೆಯ ಎಷ್ಟು ಭಾಗಕ್ಕೆ ತೆರಿಗೆ ವಿನಾಯಿತಿ ಎಂಬುದು ದೇಶದಿಂದ ದೇಶಕ್ಕೆ ಬೇರೆ. ರಸೀದಿ ಅಚ್ಚಾಗುವ ಮೊದಲೇ ಲೆಕ್ಕಪರಿಶೋಧಕರಿಗೆ ತೋರಿಸಿ.

ಹಂತಗಳು, ಉಡುಗೊರೆಗಳು

ಮೂರು ಹಂತ ಸಾಕು. ಮೊದಲನೆಯದಕ್ಕೆ ಡಿಜಿಟಲ್ ಪ್ರಮಾಣಪತ್ರ ಮತ್ತು ಫೋಟೊ, ಎರಡನೆಯದಕ್ಕೆ ಮುದ್ರಿತ ಪ್ರಮಾಣಪತ್ರ, ಬಟ್ಟೆಯ ಗೊಂಬೆ, ಫಲಕದಲ್ಲಿ ಹೆಸರು, ಮೂರನೆಯದಕ್ಕೆ ಹೆಸರಿಡುವ ಹಕ್ಕು ಮತ್ತು ಪಾಲಕರೊಂದಿಗೆ ಒಳಭೇಟಿ. ಗೊಂಬೆ, ಡಬ್ಬಿ, ಅಂಚೆ, ಪಾವತಿ ಶುಲ್ಕ ಎಲ್ಲ ಕೂಡಿ ಮೊತ್ತದ 15% ದಾಟಿದರೆ ನೀರಿನಲ್ಲಿ ಹೋಮ ಮಾಡಿದಂತೆಯೇ. ಗೊಂಬೆಯಲ್ಲಿ ಕೈಕಚ್ಚುವುದು ಅದರ ಬೆಲೆಯಿಂದಲ್ಲ, ಅದರ ಡಬ್ಬಿಯ ಗಾತ್ರಕ್ಕೆ ಬೀಳುವ ಅಂಚೆ ದರದಿಂದ. "ಬಂದು ತೆಗೆದುಕೊಂಡು ಹೋಗುತ್ತೇನೆ" ಎಂಬ ಆಯ್ಕೆಯನ್ನೂ ಇಡಿ.

ಮುಟ್ಟುವ, ಕೈಯಾರೆ ತಿನ್ನಿಸುವ ಭರವಸೆ ಕೊಡಬೇಡಿ. ಆಮೆಗಳಿಂದ ಸಾಲ್ಮೊನೆಲ್ಲಾ, ಕೈಯ ಗಾಯದ ಮೂಲಕ ತೊಟ್ಟಿ ನೀರಿನ ಮೈಕೋಬ್ಯಾಕ್ಟೀರಿಯಂ ಎಂಬ ರೋಗಾಣುಗಳು ಮನುಷ್ಯರಿಗೆ ಹರಡಬಲ್ಲವು; ಹಕ್ಕಿಜ್ವರದ ಕಾಲದಲ್ಲಿ ಪೆಂಗ್ವಿನ್ ಆವರಣಕ್ಕೆ ಹೊರಗಿನವರನ್ನು ಬಿಡುವುದೇ ಅಪಾಯ. "ಪಶುವೈದ್ಯರ ಅನುಮತಿಗೆ ಒಳಪಟ್ಟು ಒಳಭೇಟಿ" ಎಂದಷ್ಟೇ ಬರೆಯಿರಿ.

ಕಂಪನಿಗಳಿಗೆ ತೊಟ್ಟಿಯ ಪಕ್ಕದ ಫಲಕ ಕೊಡಿ, ಅವಧಿ ಮೂರು ಅಥವಾ ಐದು ವರ್ಷ, ಫಲಕದ ಅಳತೆ ಒಪ್ಪಂದದಲ್ಲೇ. ಕಂಪನಿಗೆ ಕೆಟ್ಟ ಹೆಸರು ಬಂದರೆ ಫಲಕ ತೆಗೆಯುವ ಕಲಮು ಮರೆಯಬೇಡಿ.

ಕಡತ ಮತ್ತು ನವೀಕರಣ

ಒಂದು ಸ್ಪ್ರೆಡ್‌ಶೀಟ್ ಸಾಕು, ಅಂಕಣಗಳು ಸರಿಯಿದ್ದರೆ: ಕೊಟ್ಟವರು, ಯಾರ ಹೆಸರಿಗೆ, ಇಬ್ಬರ ಸಂಪರ್ಕವೂ ಬೇರೆಬೇರೆ, ಜೀವಿಯ ಗುರುತಿನ ಸಂಖ್ಯೆ, ಹಂತ, ಶುರು ಮತ್ತು ಮುಗಿಯುವ ದಿನ, ಕಳಿಸಿದ ಸುದ್ದಿಗಳ ದಿನಾಂಕ. ದತ್ತುಗಳಲ್ಲಿ ಬಹಳಷ್ಟು ಹುಟ್ಟುಹಬ್ಬದ ಉಡುಗೊರೆಗಳು. ನವೀಕರಣದ ನೆನಪೋಲೆ ಉಡುಗೊರೆ ಪಡೆದ ಮಗುವಿಗೆ ಹೋದರೆ ಎಡವಟ್ಟು. ಅದು ಹಣ ಕೊಟ್ಟವರಿಗೆ ಹೋಗಬೇಕು, ಸುದ್ದಿ ಮಾತ್ರ ಮಗುವಿಗೆ. ಉಡುಗೊರೆ ತಲುಪಬೇಕಾದ ದಿನಾಂಕ ಕೇಳದಿದ್ದರೆ ಪ್ರಮಾಣಪತ್ರ ಹಬ್ಬಕ್ಕೆ ಮೊದಲೇ ಹೋಗಿ ಗುಟ್ಟು ರಟ್ಟಾಗುತ್ತದೆ.

ಸುದ್ದಿ ವರ್ಷಕ್ಕೆ ಎರಡು ಸಲ ಕಳಿಸಿದರೂ ಸಾಕು, ಆದರೆ ಅದರಲ್ಲಿ ಆ ಜೀವಿಯದೇ ವಿವರ ಇರಬೇಕು: ಈಗಿನ ತೂಕ, ಹೊಸದಾಗಿ ಕಲಿತದ್ದು, ಗರಿ ಬದಲಿಸಿದ ತಿಂಗಳು. ಪಾಲಕರ ದಿನಚರಿ ಪುಸ್ತಕದಿಂದ ಮೂರು ಸಾಲು ಎತ್ತಿಕೊಳ್ಳಿ. ವಿಶ್ವಕೋಶದ ಮಾಹಿತಿ ಕಳಿಸಿದರೆ ಯಾರೂ ನವೀಕರಿಸುವುದಿಲ್ಲ. ನೆನಪೋಲೆ ಅವಧಿ ಮುಗಿಯುವ 30 ದಿನ ಮೊದಲೊಮ್ಮೆ, 7 ದಿನ ಮೊದಲೊಮ್ಮೆ. ಮೂರನೆಯದು ಪೀಡನೆ.

ಸಾವು, ವರ್ಗಾವಣೆ, ಮರೆಯಲ್ಲಿರುವ ಜೀವಿ

ಜೀವಿ ಚಿಕಿತ್ಸೆಗೆ ಒಳಗೆ ಹೋದರೆ ಮುಂಬಾಗಿಲಿನ ಸಿಬ್ಬಂದಿಗೆ ಅದೇ ದಿನ ತಿಳಿಸಿ. ದೂರದಿಂದ ಬಂದ ಪ್ರಾಯೋಜಕರು ಖಾಲಿ ಕೊಳ ನೋಡಿ ಕಾರಣ ತಿಳಿಯದೆ ಹಿಂದಿರುಗುವುದು ಎಲ್ಲಕ್ಕಿಂತ ಕೆಟ್ಟ ಅನುಭವ. ಸಂತಾನವೃದ್ಧಿ ಕಾರ್ಯಕ್ರಮದಡಿ ಪ್ರಾಣಿಗಳು ಅಕ್ವೇರಿಯಂನಿಂದ ಅಕ್ವೇರಿಯಂಗೆ ಹೋಗುತ್ತಿರುತ್ತವೆ. ಅಲ್ಲಿಯವರು ಹೆಸರು ಬದಲಿಸಬಹುದು ಎಂಬುದನ್ನೂ ನಿಯಮದಲ್ಲಿ ಸೇರಿಸಿ.

ಸತ್ತಾಗ ಮಾಡಬೇಕಾದದ್ದಕ್ಕೆ ಕ್ರಮವಿದೆ. ಮೊದಲು ಹೆಸರಿಟ್ಟವರಿಗೆ ಫೋನ್, ಅದೇ ದಿನ ಅಥವಾ ಮರುದಿನ. ನಂತರ ಉಳಿದ ಪ್ರಾಯೋಜಕರಿಗೆ ಇಮೇಲ್. ಆಮೇಲಷ್ಟೇ ಸಾಮಾಜಿಕ ಜಾಲತಾಣ. ಮರಣೋತ್ತರ ಪರೀಕ್ಷೆಯ ವರದಿ ಬರುವವರೆಗೆ ಕಾರಣವನ್ನು ಊಹಿಸಿ ಹೇಳಬೇಡಿ, ಒತ್ತಾಯಿಸಿದರೂ ಬೇಡ. ಉಳಿದ ಅವಧಿಗೆ ಬೇರೊಂದು ಜೀವಿಯನ್ನು ಆರಿಸುವ ಅವಕಾಶ ಕೊಡಿ, ಬೇಡವೆಂದರೆ ಹಣ ಸಾಮಾನ್ಯ ಪಾಲನಾ ನಿಧಿಯಲ್ಲಿ ಉಳಿಯುತ್ತದೆಂದು ತಿಳಿಸಿ. ಸತ್ತದ್ದನ್ನೇ ಹೋಲುವ ಇನ್ನೊಂದನ್ನು ತಂದು ಅದೇ ಹೆಸರಿನಲ್ಲಿ ಬಿಡುವ ಉಪಾಯ ಯಾರಿಗಾದರೂ ಹೊಳೆದರೆ, ಪ್ರಾಯೋಜಕರ ಮನೆಯಲ್ಲಿರುವ ಎದೆಚುಕ್ಕೆಗಳ ಹಳೆಯ ಫೋಟೊವನ್ನು ನೆನಪಿಸಿ. ಆ ಹೆಸರನ್ನು ಅದೇ ಗುಂಪಿನಲ್ಲಿ ಮತ್ತೆ ಇಡಬೇಡಿ. ವೈದ್ಯಕೀಯ ದಾಖಲೆ ಹುಡುಕುವಾಗ ಎರಡು ಪ್ರಾಣಿಗಳ ಕತೆ ಬೆರೆತುಹೋಗುತ್ತದೆ. ಫಲಕ, ಜಾಲತಾಣದ ಪುಟ, ಅಂಗಡಿಯ ಪಟ್ಟಿ ಮೂರನ್ನೂ ಅದೇ ವಾರ ತಿದ್ದಿ, ಆ ಜೀವಿಗೆ ತಾನಾಗಿಯೇ ಹೋಗುವಂತೆ ಹೊಂದಿಸಿಟ್ಟ ನವೀಕರಣದ ನೆನಪೋಲೆಗಳನ್ನು ನಿಲ್ಲಿಸಿ.